ಐದಡಿ ಒಂದೂವರೆ ಇಂಚು

ಶಿವಾಜಿನಗರ
ಸೋಮವಾರ, 23 ಜೂನ್ 2025

ಪ್ರೀತಿಯ ಆತಿಕಾ ಬೇಟಾಗೆ ಅಬ್ಬಾನ ಸಲಾಂ.

ಹೇಗಿದೀಯಮ್ಮ? ಮೊಣಕಾಲಿನ ಗಾಯ ಒಣಗ್ತಾ? ಅಲ್ಲಿ ಅಜ್ಜಿ ಮನೇಲಿ ನಿನ್ನ ನಾನಿ ಕೆಮ್ಮು ಕಮ್ಮಿ ಆಯ್ತಾ? ನಾನು ಫೋನ್ ಮಾಡಿದ್ರೆ ಕಟ್ ಮಾಡ್ತೀಯ, ಅದಕ್ಕೇ ಈ ಕಾಗದ. ನಾನು ಓದಿರೋದು ಕನ್ನಡ ಸ್ಕೂಲಲ್ಲಿ ನಾಲ್ಕನೇ ಕ್ಲಾಸು, ಅದ್ರಲ್ಲೂ ಅರ್ಧ ದಿನ ಬೆಂಚ್ ಮೇಲೇ ನಿಂತಿರ್ತಿದ್ದೆ. ತಪ್ಪಿದ್ರೆ ನಗು. ನೀನು ನಕ್ಕಿದ್ದು ಕೇಳಿ ಇಪ್ಪತ್ತು ದಿನ ಆಯ್ತು. ನಿನ್ನ ಅಮ್ಮಿನೂ ನನ್ ಜೊತೆ ಮಾತಾಡಲ್ಲ. ಊಟ ರೆಡಿ ಅಂತ ಬೆಕ್ಕಿಗೆ ಹೇಳ್ತಾಳೆ, ಬೆಕ್ಕು ಬಂದು ನನ್ನ ಕರೀಬೇಕು.

ಹಾಕಿ ಗ್ರೌಂಡಲ್ಲಿ ಎಲ್ಲಾ ಹಂಗೇ ಇದೆ. ಬೆಳಿಗ್ಗೆ ಟರ್ಫ್‌ಗೆ ನೀರು ಬಿಡ್ತೀನಿ, ಗೋಲ್ ನೆಟ್ ಹೊಲೀತೀನಿ. ಸೆಲೆಕ್ಟ್ ಆದ ಹುಡುಗೀರು ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಹೋದ್ರು, ಒಬ್ಬೊಬ್ಬಳೂ ಶಾಮಿಯಾನ ಕಂಬ. ಓಡಿದ್ರೆ ಚೆನ್ನಾಗೇ ಓಡ್ತಾರೆ, ಆದ್ರೆ ಬಾಲ್ ಕಾಲಡಿ ಬಂದ್ರೆ ಬಗ್ಗೋಷ್ಟರಲ್ಲಿ ಸಂಜೆ ಆಗುತ್ತೆ. ನೀನು ಹಂಗಲ್ಲ. ನಿನ್ನ ಸ್ಟಿಕ್ ನೆಲಕ್ಕೆ ಅಂಟ್ಕೊಂಡೇ ಇರ್ತಿತ್ತು, ಇಬ್ಬರ ಮಧ್ಯೆ ಇಲಿ ಥರ ನುಗ್ಗಿಬಿಡ್ತಿದ್ದೆ. ಇದನ್ನೇ ಕೋಚ್ ಶ್ರೀನಾಥ್ ಸರ್‌ಗೆ ಹೇಳ್ದೆ, 'ಬಾಲ್ ಓಡೋದು ನೆಲದ ಮೇಲೆ ತಾನೇ ಸಾರ್, ಮೋಡದಲ್ಲಿ ಅಲ್ವಲ್ಲ' ಅಂತ. ಅವರೂ ನಕ್ಕರು. ಆಮೇಲೆ, 'ಹಬೀಬ್, ಆಟ ನಾನು ಹೇಳ್ಕೊಡ್ತೀನಿ, ಎತ್ತರ ಯಾರು ಹೇಳ್ಕೊಡ್ತಾರೆ? ಪೆನಾಲ್ಟಿ ಕಾರ್ನರ್‌ಗೆ ಎದುರು ಓಡೋಳಿಗೆ ಉದ್ದ ಕೈ ಬೇಕು, ಡಿಕ್ಕಿ ಹೊಡೆದ್ರೆ ನಿಲ್ಲೋ ಮೈ ಬೇಕು' ಅಂದ್ರು. ಐದಡಿ ಎರಡಿಂಚು ಇಲ್ದಿದ್ರೆ ಆಟಾನೇ ನೋಡಲ್ಲ ಅಂತ ಮೇಲಿಂದ ರೂಲ್ಸ್ ಅಂತೆ. ಹಾಳಾದ ರೂಲ್ಸು. ಒಂದು ಸಲ ಸ್ಟಿಕ್ ಮುಟ್ಟೋಕೂ ಬಿಡದೆ ವಾಪಸ್ ಕಳಿಸೋದು ಯಾವ ಸೆಲೆಕ್ಷನ್ನು? ಮುಂದಿನ ವರ್ಷಕ್ಕೆ ನಿನ್ನ ವಯಸ್ಸು ದಾಟುತ್ತೆ, ಇದೇ ಕೊನೇದು ಅಂತ ನಂಗೂ ಗೊತ್ತಿತ್ತು.

ಆ ಸೆಲೆಕ್ಷನ್ ದಿನ ತಲೆಯಿಂದ ಹೋಗ್ತಾನೇ ಇಲ್ಲ. ರಾತ್ರಿಯೆಲ್ಲಾ ಮಳೆ ಬಂದು ಆಫೀಸ್ ರೂಮಲ್ಲಿ ನೀರು. ನಾನು ನೆಲ ಒರೆಸಿ, ನೆಂದಿದ್ದ ಮ್ಯಾಟ್ ಗ್ಯಾಲರಿ ಮೇಲೆ ಒಣಗೋಕೆ ಹಾಕ್ದೆ. ಆಮೇಲೆ ಗೋಡೆ ಸ್ಕೇಲ್ ಹತ್ರ ನಿಂತು ಒಬ್ಬೊಬ್ಬರದೇ ಎತ್ತರ ಕೂಗಿದೆ, ಆಫೀಸ್ ಮೇಡಂ ಬರ್ಕೊಂಡ್ರು. ನಿನ್ನ ಸರದಿ ಬಂತು. ಐದಡಿ ಒಂದೂವರೆ. ನೀನು ಮೆಲ್ಲಗೆ, 'ಅಬ್ಬಾ, ಮನೇಲಿ ಎರಡೂವರೆ ಇತ್ತು' ಅಂದೆ. ನಾನು ನಿನ್ನ ಮುಖ ನೋಡ್ಬೇಕಿತ್ತು, ಲೈನಲ್ಲಿ ನಿಂತಿದ್ದ ಹುಡುಗೀರನ್ನ ನೋಡ್ದೆ. 'ಮನೇಲಿ ಅಳ್ದಿದ್ದು ಬಿರಿಯಾನಿ ತಿಂದ್ಮೇಲೆ! ನೆಕ್ಸ್ಟ್! ಅರ್ಧ ಟಿಕೆಟ್ ಪಕ್ಕಕ್ಕೆ ಬನ್ನಿ!' ಅಂತ ಕೂಗಿದೆ. ಎಲ್ರೂ ನಕ್ಕರು. ನೀನು ಶೂ ಹಾಕ್ಕೊಳ್ದೆ ಬರಿಗಾಲಲ್ಲೇ ಹೋದೆ. ಆ ಶೂ ಇಲ್ಲೇ ಇದೆ, ಪಾಲಿಶ್ ಮಾಡಿ ಇಟ್ಟಿದೀನಿ. ಚಿಕ್ಕಂದಿನಿಂದ ಅರ್ಧ ಟಿಕೆಟ್ ಅಂತಾನೇ ಕರೆದೆ, ನಿಂಗೂ ಅದು ತಮಾಷೆ ಅಂದ್ಕೊಂಡಿದ್ದೆ.

ನಾನಿಗೆ ನನ್ನ ಸಲಾಂ ಹೇಳು. ಅಲ್ಲಾಹ್ ನಿನ್ನ ಕಾಲಿನ ಓಟ ಕಾಪಾಡಲಿ. ಸರಿಯಾಗಿ ಊಟ ಮಾಡು.

ನಿನ್ನ ಅಬ್ಬಾ,
ಹಬೀಬ್

ಇನ್ನೊಂದು ಮಾತು. ಇದನ್ನ ಮೇಲೇ ಬರೀಬೇಕಿತ್ತು, ಕೈ ಬರಲಿಲ್ಲ. ಆ ಸ್ಕೇಲ್ ಗೋಡೆಗೆ ಹೊಡೆದೋನು ನಾನೇ, ಹೊಡೆದಾಗ ಕೆಳಗೆ ಮ್ಯಾಟ್ ಇತ್ತು, ಅಳತೆ ಅದರ ಮೇಲಿಂದಲೇ ಶುರು. ಮ್ಯಾಟ್ ಮೇಲೆ ನಿಂತ್ರೇನೇ ಲೆಕ್ಕ ಸರಿ. ಅದರ ದಪ್ಪ ಒಂದಿಂಚು. ಅವತ್ತು ಎಲ್ರನ್ನೂ ಬರೀ ನೆಲದ ಮೇಲೆ ನಿಲ್ಲಿಸಿ ಒಂದಿಂಚು ಕಮ್ಮಿ ಕೂಗಿಬಿಟ್ಟೆ. ಮೂರನೇ ದಿನ ಒಣಗಿದ ಮ್ಯಾಟ್ ತಂದು ಹಾಕ್ದಾಗ್ಲೇ ಗೊತ್ತಾಯ್ತು. ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ, ಜೋಕ್ ಹೇಳ್ಕೊಂಡು ತಿರುಗಾಡ್ದೆ. ಇವತ್ತು ಶ್ರೀನಾಥ್ ಸರ್‌ಗೆ ಹೇಳ್ದೆ. 'ಲಿಸ್ಟ್ ಹೋಗಾಯ್ತು, ಹಾಸ್ಟೆಲ್ ತುಂಬಾಯ್ತು, ಸುಮ್ನಿರು, ನಿನ್ನ ಕೆಲಸ ಉಳಿಯುತ್ತೆ' ಅಂದ್ರು. ನಿನ್ನ ಥರ ಆ ಒಂದಿಂಚಿಗೆ ವಾಪಸ್ ಹೋದೋರು ಇನ್ನೂ ಮೂವರಿದಾರೆ ಬೇಟಾ. ನಾಳೆ ಲಿಂಗರಾಜಪುರದ ಹಂಸ ಮನೆಗೆ ಹೋಗಿ ಅವರಪ್ಪನ ಮುಂದೆ ಹೇಳ್ತೀನಿ, ಆಮೇಲೆ ಉಳಿದಿಬ್ಬರ ಮನೆಗೆ. ಮೊದಲು ನಿಂಗೇ ಹೇಳ್ಬೇಕಿತ್ತು, ಎದುರು ನಿಂತು ಹೇಳೋ ಧೈರ್ಯ ಇರಲಿಲ್ಲ. ನಮ್ಮನೆ ಬಾಗಿಲ ಮೇಲಿನ ಪೆನ್ಸಿಲ್ ಗೀಟು ಈಗ ತಾನೇ ಟೇಪ್ ಹಿಡಿದು ನೋಡ್ದೆ. ಐದಡಿ ಎರಡೂವರೆ.