ಅತ್ತೆಯವರ ಹಸಿರು ಸೀರೆ

ರೀ,

ಟೆರೇಸ್ ಮೇಲೆ ಮಲ್ಲಿಗೆ ಕುಂಡಗಳಿಗೆ ನೆರಳಾಗಲಿ ಅಂತ ನೀವು ಕಟ್ಟಿರೋದು ನಿಮ್ಮಮ್ಮನ ಹಸಿರು ಸೀರೆ! ನಮ್ಮ ಹೇಮಶ್ರೀಗೆ ಹುಟ್ಟೋ ಮಗುವಿನ ಕೌದಿಗೆ ಅಂತ ತೆಗೆದಿಟ್ಟಿದ್ದೆ. ಎಳೇ ಮೈಗೆ ತಾಗೋ ಕಡೆ ಹಿರಿಯರ ಸೀರೆಯೇ ಬರಬೇಕು ಅಂತ ಗೊತ್ತಿಲ್ವಾ? ಮಗಳಿಗೆ ದಿನ ತುಂಬಿದೆ, ಇವತ್ತೋ ನಾಳೆಯೋ. ಗಿಡಗಳೇನೋ ತಂಪಾಗಿವೆ, ನಾನು ಕುದೀತಿದೀನಿ.

ಬೆಳಗ್ಗೆಯಿಂದ ಕತ್ತರಿ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸಾಕಾಯ್ತು. ‘ನನ್ನ ಸೀರೆ ಮುಟ್ಟಬೇಡ್ವೇ’ ಅಂತ, ತೀರಿಹೋದ ಅತ್ತೆಯ ದನಿಯೇ ಕಿವೀಲಿ. ಮನೇಲಿ ಕೂರೋಕಾಗ್ತಿಲ್ಲ, ಪಕ್ಕದ್ಮನೆ ಯಶೋಧರಾ ಜೊತೆ ಬ್ಯೂಗಲ್ ರಾಕ್ ಪಾರ್ಕಲ್ಲಿ ಮರದ ಕೆಳಗೆ ಕೂತು ಕೌದಿಯ ಅಂಚು ಹೊಲೀತಿರ್ತೀನಿ.

ಸೀರೆ ಬಿಚ್ಚಿ, ಒಗೆದು, ಒಣಗಿಸಿ. ಗಿಡಕ್ಕೆ ನಿಮ್ಮ ಹಳೇ ಪಂಚೆ ಕಟ್ಟಿ.

ಮೊದಲ ಕತ್ತರಿ ನೀವೇ ಹಾಕಿಬಿಡಿ. ಮಗನಿಗೆ ಅವರು ಯಾವತ್ತೂ ಒಂದು ಮಾತು ಅಂದೋರಲ್ಲ.