ಕಿರುಚೋ ಗಾಡಿ

ನವೆಂಬರ್ 11, ಸೋಮವಾರ. ಸ್ಟಾಫ್ ರೂಮ್, 10.20

ಇವತ್ತೂ ಅದೇ. ಕಾರಿನ ಕೀ ತಿರುಗಿಸಿದ್ದೇ ತಡ, ಕೀಂ... ಅಂತ ಶುರು. ನಮ್ಮ ಬಡಾವಣೆ ದಾಟುವವರೆಗೂ ಕಿರುಚಿ ಸುಮ್ಮನಾಯಿತು. ಎಸಿ ಹಾಕಿದರೆ ಮತ್ತೆ. ಗುಬ್ಬಿಯಲ್ಲಿ ಶಾಲೆಯ ಗೇಟಿನ ಹತ್ತಿರ ಹುಡುಗರು ಕಿವಿ ಮುಚ್ಚಿಕೊಂಡು ನಕ್ಕರು. ಅವರಿಗೆ ಘರ್ಷಣೆ ಪಾಠ ಮಾಡುವವಳು ನಾನೇ. ಮಾನ ಹೋಯಿತು.

ಮಾನ ಹೋದರೆ ಹೋಗಲಿ. 24ಕ್ಕೆ ಕುಣಿಗಲ್‌ಗೆ ಹೋಗಬೇಕು — ಮಾವನ ಅಕ್ಕ ದೊಡ್ಡಗಂಗಮ್ಮನವರ ಮನೆಯಲ್ಲಿ ನಾಮಕರಣ. ಮಾವನಿಗೆ ಉಬ್ಬಸ. ಬಸ್ಸಿನ ನೂಕಾಟ ಬೇಡ, ಕಾರಲ್ಲಿ ಬರಲಿ ಅಂತ ಗಂಡ ಅಂಜನ್ ಕೈಲಿ ಹೇಳಿಸಿದೆ. ನಾನು ಅಲ್ಲೇ ತಟ್ಟೆ ಇಡುತ್ತಿದ್ದೆ. ನನ್ನ ಕಡೆ ನೋಡದೆ ಮಗನಿಗೆ ಉತ್ತರ:

"ಆ ಕಿರುಚೋ ಗಾಡೀಲಿ ನಾನು ಕೂರಾಕಿಲ್ಲ ಕಣ್ಲಾ. ಬಸ್ಸಲ್ಲೇ ಹೋಯ್ತೀನಿ."

ಏಳು ತಿಂಗಳಾಯಿತು, ಮಾವ ನನ್ನ ಜೊತೆ ಮಾತು ಬಿಟ್ಟು. ಕೋರದಲ್ಲಿದ್ದ ಅವರ ಹಿಟ್ಟಿನ ಮಿಲ್ ಮುಚ್ಚಿಸಿದವಳು ನಾನು. ಹಿಟ್ಟಿನ ಧೂಳು ಆಗದು ಅಂತ ಡಾಕ್ಟರು ಹೇಳಿದರು. ಮಾರನೇ ವಾರವೇ ಮಿಷನ್ ಕೊಳ್ಳುವವರನ್ನು ಕರೆತಂದೆ. ಮುಚ್ಚಿಸಿದ್ದು ತಪ್ಪಲ್ಲ, ಈಗಲೂ ಹೇಳುತ್ತೇನೆ.

ಶಬ್ದ ಹೋದರೆ ಕೂರುತ್ತಾರೆ. ಕೂತರೆ ಒಂದು ಗಂಟೆಯ ದಾರಿ. ಏನಾದರೂ ಮಾತಾಡಲೇಬೇಕಲ್ಲ. ಬೆಲ್ ಆಯಿತು.

ನವೆಂಬರ್ 13, ಬುಧವಾರ

ಕ್ಯಾತ್ಸಂದ್ರದ ಭಾನುಪ್ರಕಾಶ್ ಗ್ಯಾರೇಜು. ಇಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದ. ಕಿರುಚಾಟ ಒಂದು ಕ್ಷಣ ನಿಂತು ಮತ್ತೆ ಬಂತು.

"ಬೆಲ್ಟೇ ಮೇಡಂ. ಒಣಗ್ ಹೋಗೈತೆ."

ಹೊಸದು ಹಾಕಿದ. ಗಾಡಿ ಗಪ್‌ಚುಪ್. ಮನೆ ಮುಂದೆ ಬೇಕೆಂದೇ ಎರಡು ಸಲ ಸ್ಟಾರ್ಟ್ ಮಾಡಿದೆ. ಮಾವ ಜಗುಲಿಯಲ್ಲಿ ಕೂತಿದ್ದರು. ಕೇಳಿಸಿರಬೇಕು.

ನವೆಂಬರ್ 15, ಶುಕ್ರವಾರ

ಮತ್ತೆ ಕೀಂ! ಮೊದಲಿಗಿಂತ ಜೋರು. ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟೆ.

ನವೆಂಬರ್ 16, ಶನಿವಾರ

ಭಾನುಪ್ರಕಾಶ್ ಬೆಲ್ಟ್ ಬಿಗಿ ಮಾಡಿಕೊಟ್ಟ. "ಹೊಸಾದಲ್ವಾ ಮೇಡಂ, ಸೆಟ್ ಆಯ್ತದೆ." ಅಂಜನ್ ಹೇಳಿದ್ದು ಬೇರೆ: "ನೀನು ಓಡಿಸೋದೇ ಸರಿ ಇಲ್ಲ ಕಣೇ." ಸ್ಟಾರ್ಟ್ ಮಾಡುವಾಗಲೇ ಕಿರುಚಿದರೆ ಅದರಲ್ಲಿ ನಾನು ಓಡಿಸುವುದು ಎಲ್ಲಿಂದ ಬಂತು? ಕೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡ.

ನವೆಂಬರ್ 20, ಬುಧವಾರ

ಸೆಟ್ ಆಗಲಿಲ್ಲ. ಇನ್ನು ನಾಲ್ಕು ದಿನ. ಮಾವ ಬಸ್ಸಿನ ಟೈಮ್ ವಿಚಾರಿಸುತ್ತಿದ್ದರಂತೆ. ಮೆಟ್ಟಿಲು ಹತ್ತಿದರೇ ಸುಯ್ ಸುಯ್ ಅನ್ನುವ ಎದೆ ಇಟ್ಟುಕೊಂಡು! ಹಟಕ್ಕೂ ಒಂದು ಮಿತಿ ಬೇಡವೇ? ಕಾರನ್ನು ಒದ್ದೆ. ಕಾಲು ನೋಯುತ್ತಿದೆ.

ನವೆಂಬರ್ 22, ಶುಕ್ರವಾರ. ಸಂಜೆ

ಭಾನುಪ್ರಕಾಶ್ ಇವತ್ತು ಬೆಲ್ಟ್ ಬಿಚ್ಚಿಯೇ ನೋಡಿದ. ಒಳಗಿನ ಗೀರುಗಳ ತುಂಬ ಹಳದಿ ಅಂಟು.

"ಯಾರೋ ಏನೋ ಮೆತ್ತವ್ರೆ ಮೇಡಂ. ಇದ್ರಿಂದ್ಲೇ ಕಿರುಚ್ತಿರೋದು."

ಮೂಸಿದೆ. ಗೊತ್ತಾಯಿತು. ರಾಳ. ಕೋರದ ಮಿಲ್ಲಿನಲ್ಲಿ ಅಗಲ ಬೆಲ್ಟು ಜಾರದಿರಲಿ ಅಂತ ಮಾವ ಉಜ್ಜುತ್ತಿದ್ದ ಉಂಡೆ.

ಮೈಯೆಲ್ಲಾ ಉರಿದುಹೋಯಿತು. ಕಾರನ್ನು ಗ್ಯಾರೇಜಲ್ಲೇ ಬಿಟ್ಟು, ಬೆಲ್ಟ್ ತಂದು ಮಾವನ ಮುಂದೆ ಟೀಪಾಯಿ ಮೇಲೆ ಎಸೆದೆ. ಮಾವ ಅಂಜನ್ ಕಡೆ ತಿರುಗಿದರು.

"ಹೇಳ್ಲಾ ಅವ್ಳಿಗೆ. ಹೊಸ ಬೆಲ್ಟು ಜಾರ್ತದೆ, ರಾಳ ಉಜ್ಜಿದ್ರೆ ಹಿಡ್ಕತದೆ. ಮೂವತ್ತು ವರ್ಷ ನನ್ ಮಿಲ್ಲಲ್ಲಿ ಒಂದಿನ ಬೆಲ್ಟ್ ಕಿರುಚ್ಲಿಲ್ಲ. ಗಾಡಿ ಹಂಗೇ ಸುಮ್ಕಿದ್ರೆ ಕಾರಲ್ಲೇ ಹೋಗವಾ ಅಂತ ಉಜ್ಜಿದೆ."

"ನನ್ನನ್ನ ಒಂದ್ ಮಾತು ಕೇಳ್ದೆ ನನ್ ಗಾಡಿಗೆ ಕೈ ಹಾಕೋದಾ?" ಅಂತ ಕೂಗಿದೆ.

ಕೂಗಿದ ಮೇಲೆ ಕೇಳಿಸಿತು, ನಾನು ಏನು ಅಂದೆ ಅಂತ. ಮಾವ ಮೊದಲ ಸಲ ನನ್ನನ್ನೇ ನೋಡಿದರು. ಎದ್ದು ರೂಮಿಗೆ ಹೋದರು. ನಾಚಿಕೆಯಾಯಿತು. ಕೋಪವೂ ಹೋಗಿಲ್ಲ.

ನವೆಂಬರ್ 23, ಶನಿವಾರ

ಪುಲ್ಲಿಗಳಿಗೆ ಮೆತ್ತಿದ್ದ ಅಂಟನ್ನೆಲ್ಲ ತೊಳೆಸಿ ಇನ್ನೊಂದು ಬೆಲ್ಟ್ ಹಾಕಿಸಿದೆ. ಸದ್ದಿಲ್ಲ.

ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿಬಿಟ್ಟೆ. "ಮಾವ, ಮಿಲ್ ವಿಷ್ಯ ನಿಮ್ಮನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪಾಯ್ತು."

ಪೇಪರ್ ಪುಟ ತಿರುಗಿಸಿದರು. ಅಷ್ಟೇ. ಇಷ್ಟು ಹೇಳಲು ನನಗೆ ಏಳು ತಿಂಗಳು ಬೇಕಾಯಿತು, ಅವರಿಗೆ ಹೂಂ ಅನ್ನಲೂ ಆಗಲಿಲ್ಲ.

ನವೆಂಬರ್ 24, ಭಾನುವಾರ. ಕುಣಿಗಲ್, ಮಧ್ಯಾಹ್ನ 2.30

ಬೆಳಿಗ್ಗೆ ಯಾರೂ ಕರೆಯದೆ ಬಂದು ಮುಂದಿನ ಸೀಟಿನಲ್ಲಿ ಕೂತರು. ಅಂಜನ್ ಹಿಂದೆ. ಗಾಡಿ ಸದ್ದಿಲ್ಲದೆ ಹೊರಟಿತು. ಮಾವನೂ ಸದ್ದಿಲ್ಲ. ಇದಕ್ಕಿಂತ ಕಿರುಚಾಟವೇ ಮೇಲಿತ್ತು ಅನಿಸಿತು. ಹೆಬ್ಬೂರು ದಾಟಿದ ಮೇಲೆ —

"ಕ್ಲಚ್ ಮೇಲಿಂದ ಕಾಲು ತಗಿಯಮ್ಮ. ಹಂಗೇ ತುಳ್ಕಂಡು ಓಡುಸ್ತಿದ್ರೆ ಅದೂ ಹಾಳಾಯ್ತದೆ."

ನನಗೇ ಹೇಳಿದ್ದು. ಏಳು ತಿಂಗಳ ಮೇಲೆ ಮೊದಲ ಮಾತು, ಬೈಗುಳ! ಅಲ್ಲಿಂದ ಬಾಯಿ ಮುಚ್ಚಲಿಲ್ಲ. ಹಂಪ್ ಬಂತು, ಗೇರ್ ಇಳಿಸು, ಆ ಲಾರಿಗೆ ದಾರಿ ಬಿಡು. ರೇಗಿಹೋಯಿತು. ಕಣ್ಣೂ ತುಂಬಿತು. ಎರಡೂ ಒಟ್ಟಿಗೆ ಬಂದರೆ ಗಾಡಿ ಓಡಿಸುವುದು ಕಷ್ಟ.

ಊಟ ಆಯಿತು. ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಕಾಣುತ್ತಿದೆ — ಮಾವ ಅಕ್ಕನನ್ನು ಕಾರಿನ ಹತ್ತಿರ ನಿಲ್ಲಿಸಿಕೊಂಡು ಏನೋ ವಿವರಿಸುತ್ತಿದ್ದಾರೆ. ಡೋರ್ ಲಾಕ್ ಮಾಡಿಲ್ಲ. ಆದರೂ ಮಾವ ಏನೂ ಮುಟ್ಟಿಲ್ಲ. ಈ ಕಡೆ ತಿರುಗಿ ಕೂಗುತ್ತಿದ್ದಾರೆ.

"ಆಶಾ... ಬಾನೆಟ್ ತಗೀಲೇನಮ್ಮ?"

ಕೇಳಿದರು. ನನ್ನನ್ನು ಕೇಳಿದರು! ಬಂದೆ ಮಾವ, ಬಂದೆ.