ಬುಧವಾರ ಬೀಡಿ ಇಲ್ಲ

ಗುಬ್ಬಿ
೧೨-೩-೧೯೭೮

ಬೀಡಿ ಕಂಟ್ರಾಕ್ಟರ್ ಬೆಟ್ಟಯ್ಯನವರಿಗೆ ಫಾತಿಮುನ್ನೀಸಾ ಮಾಡುವ ಸಲಾಮ್.

ಹೋದ ವಾರ ನಮ್ಮ ಬೀಡಿ ಸೊಟ್ಟಗಿವೆ ಅಂತ ಬೈದು ಕಳಿಸಿದ್ರಿ. ಕಾರಣ ಕೇಳಲಿಲ್ಲ, ನಾನೇ ಹೇಳ್ತೀನಿ. ಬೀಡಿ ಕಟ್ಟೋ ನಾವು ಹೆಂಗಸರು ಸರದಿ ಮೇಲೆ ಒಬ್ಬೊಬ್ಬರೇ ಟಾಕೀಸಿಗೆ ಹೋಗ್ತೀವಿ. ಹೋದವಳು ಬಂದು ಕಥೆ ಹೇಳ್ತಾಳೆ, ಉಳಿದವರು ಕೇಳ್ತಾ ಬೀಡಿ ಸುತ್ತುತ್ತೀವಿ. ಈ ಸಲ ಹೋದ ಮೆಹತಾಬ್, ಕೊನೆಗೆ ಹೀರೋಯಿನ್ ಬದುಕ್ತಾಳೆ ಅಂದಳು. ಮಾರನೇ ದಿನ ನಲ್ಲಿ ಹತ್ರ ಸಿಕ್ಕವರು, ಸತ್ತೇ ಹೋಗ್ತಾಳೆ ಅಂದರು. ಮೆಹತಾಬ್‌ನ ಕೇಳಿದ್ರೆ, "ಅಷ್ಟು ಕಷ್ಟಪಟ್ಟವಳನ್ನ ನಾನ್ಯಾಕೆ ಸಾಯಿಸಲಿ?" ಅಂತಾಳೆ. ಆವತ್ತು ಜಗಳ ಆಡ್ಕೊಂಡೇ ಬೀಡಿ ಸುತ್ತಿದ್ವಿ.

ಅದಕ್ಕೇ ಬುಧವಾರ ಎಲ್ಲರೂ ಮ್ಯಾಟ್ನಿಗೆ ಹೋಗ್ತೀವಿ. ಕತ್ತಲಲ್ಲಿ ಒಟ್ಟಿಗೆ ಕೂತು, ಸೋಡಾ ಕುಡಿದು, ಮನಸಾರೆ ಅತ್ತು ಬರ್ತೀವಿ. ಆ ದಿನದ ಬೀಡಿ ಗುರುವಾರ ಸೇರಿಸಿ ಕೊಡ್ತೀವಿ. ಬೀಡಿ ಎಲೆ ಬೇರೆ ಹೆಂಗಸರಿಗೆ ಕೊಡ್ತೀನಿ ಅಂತ ಹೆದರಿಸಬೇಡಿ, ಅವರೂ ನಮ್ಮ ಜೊತೆನೇ ಬರ್ತಾ ಇದಾರೆ.

ಎಲೆ ತೂಗಿ ಕೊಡೋಕೆ ಬರೋ ನಿಮ್ಮ ಮನೆಯವರೂ ದಿನಾ ನಿಂತು ಕಥೆ ಕೇಳ್ತಿದ್ರು. ಸತ್ತಳೋ ಬದುಕಿದಳೋ ಕಣ್ಣಾರೆ ನೋಡ್ಲೇಬೇಕು ಅಂದಿದಾರೆ. ಬುಧವಾರ ನಿಮ್ಮ ಮುದ್ದೆ ಒಲೆ ಪಕ್ಕ ಮುಚ್ಚಿಟ್ಟಿರುತ್ತೆ.

ಇಂತಿ,
ಫಾತಿಮುನ್ನೀಸಾ